ಕರೆಂಟ್ ಹೋದ ಮೇಲಿನ ಕತೆ

ಊರಿಂದ
12 ಆಗಸ್ಟ್ 2024, ಸೋಮವಾರ

ಕೃತಿಕಕ್ಕ,

ನನ್ನ ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸಿಗೆ ಬಿಟ್ಟ ಪೆನ್ನನ್ನು ಈಗ ಹಿಡಿದಿದ್ದೇನೆ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ಗೊತ್ತಾಗುವುದಿಲ್ಲ, ನೀನೇ ತಿದ್ದಿಕೊಂಡು ಓದು. ಮೊರ ಬೋರಲು ಹಾಕಿಕೊಂಡು ಅದರ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅದಕ್ಕೇ ಸಾಲು ಡೊಂಕು.

ಫೋನಿನಲ್ಲಿ ನೀನು ಅಷ್ಟು ಕೇಳಿದರೂ ನಾನು ಏನೂ ಹೇಳಲಿಲ್ಲ ಅಂತ ನೀನು ಬೇಜಾರು ಮಾಡಿಕೊಂಡೆ. ನನಗೆ ಎದುರಿಗೇ ಮಾತು ಬರುವುದಿಲ್ಲ, ಫೋನಿನಲ್ಲಿ ಎಲ್ಲಿಂದ ಬರಬೇಕು. ಸಖರಾಯಪಟ್ಟಣದ ಸ್ಕೂಲಿಗೆ ಸೇರಿಸಿದಾಗ ಮೇಷ್ಟ್ರು ಎದ್ದು ನಿಂತು ಪಾಠ ಓದು ಅಂದರು. ನಾನು ಬಾಯಿ ಬಿಡಲಿಲ್ಲ. ಮೂರು ದಿನ ನಿಲ್ಲಿಸಿದರು. ನಾಲ್ಕನೇ ದಿನ ನಾನು ಬಸ್ ಹತ್ತಲಿಲ್ಲ. ನನ್ನ ಓದು ಅಲ್ಲಿಗೆ ಮುಗಿಯಿತು. ಸೀರಿಯಲ್ ನೋಡುವ ಹೆಂಗಸರಿಂದ ಕೈಬರಹದ ಕಾಗದವನ್ನೇ ತರಿಸಿ ಅಂತ ನಿಮ್ಮ ಮೇಡಂ ಹೇಳಿದ್ದು ನನಗೆ ಒಳ್ಳೆಯದಾಯಿತು.

ಎಂ.ಎ. ಓದುವವರಿಗೆ ಸೀರಿಯಲ್ಲೂ ಪಾಠವೇ ಅಂತ ಅವ್ವನಿಗೆ ಹೇಳಿದೆ. "ಅದ್ನ ಓದಕ್ಕೆ ಹಾಸ್ಟೆಲ್ ಸೇರ್ಬೇಕಿತ್ತಾ, ನಮ್ ನಡುಮನೇಲಿ ಕೂತಿದ್ರೆ ಸಾಕಿತ್ತು" ಅಂದಳು.

ನೀನು ಕೇಳಿದ್ದಕ್ಕೆ ಉತ್ತರ. ನೋಡುವುದು ನಾಲ್ಕು ಜನ. ನಾನು, ಅವ್ವ, ಅಶ್ವಿನಿ ಅತ್ತಿಗೆ, ಪಕ್ಕದ ಮನೆ ಸಾವಿತ್ರಮ್ಮ. ಅತ್ತಿಗೆಯ ಗಂಡ, ನಮ್ಮ ರುದ್ರಣ್ಣ, ಆ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ. ನಾವು ನೋಡುವುದನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಏಳೂವರೆ ಅಂತಲೇ ಕರೆಯುತ್ತೇವೆ. ಅದರಲ್ಲಿ ದೊಡ್ಡ ಮನೆಗೆ ಬಂದ ಬಡವರ ಮನೆ ಸೊಸೆ ಒಬ್ಬಳಿದ್ದಾಳೆ, ಈಗ ಬಸುರಿ. ಸಾವಿತ್ರಮ್ಮ ಅವಳನ್ನು 'ನಮ್ ಹುಡ್ಗಿ' ಅನ್ನುವುದು. ಬತ್ತಿ ಹೊಸೆಯುತ್ತಾ ಟಿವಿ ಜೊತೆಯೇ ಮಾತಾಡುತ್ತಾರೆ.

"ಲೇ, ಆ ಹಾಲ್ ಕುಡೀಬ್ಯಾಡ ಕಣೇ, ನಿಮ್ಮತ್ತೆ ಏನೋ ಹಾಕವಳೆ."

"ಅವಳಿಗೆ ಕೇಳುತ್ತಾ ಸಾವಿತ್ರಿ?" ಅಂತ ಅವ್ವ.

"ಕೇಳಿದ್ರೆ ಕುಡೀತಿದ್ಲಾ ದಾಕ್ಷಾಯಣಮ್ನೋರೇ? ಕೇಳ್ದೆ ಇರೋದ್ರಿಂದ್ಲೇ ನಾನ್ ಹೇಳೋದು."

ಇನ್ನೊಂದು ವಿಷಯ ಇದೆ. ನಿನಗೆ ಬೇಕೋ ಬೇಡವೋ ತಿಳಿಯದು. ನಮ್ಮಲ್ಲಿ ಈಗ ಏಳು ಮುಕ್ಕಾಲರ ಆಸುಪಾಸಿಗೆ ಕರೆಂಟ್ ಹೋಗುತ್ತದೆ. ಸೀರಿಯಲ್ ಅರ್ಧಕ್ಕೇ ನಿಲ್ಲುತ್ತದೆ. ಮೊದಮೊದಲು ಎಲ್ಲರೂ ಬೈದುಕೊಂಡು ಎದ್ದು ಹೋಗುತ್ತಿದ್ದರು. ಒಂದು ದಿನ ಅತ್ತಿಗೆ, "ಕೂತ್ಕಳಿ, ಮುಂದೇನಾಯ್ತು ನಾನ್ ಹೇಳ್ತೀನಿ" ಅಂದಳು. ಆ ಕತ್ತಲಲ್ಲೇ ಉಳಿದ ಕತೆ ಹೇಳಿದಳು. ಅತ್ತೆ ಹೀಗಂದ್ಲು, ಗಂಡ ಹೀಗ್ ತಿರುಗಿ ನೋಡ್ದ, ಅಂತ ಕಣ್ಣಿಗೆ ಕಟ್ಟುವ ಹಾಗೆ. ಈಗ ಕರೆಂಟ್ ಇದ್ದರೆ ಸಾವಿತ್ರಮ್ಮನಿಗೆ ಬೇಜಾರು. "ಇವತ್ಯಾಕೋ ಇನ್ನೂ ಹೋಗ್ಲಿಲ್ವಲ್ಲೇ" ಅಂತ ಬಲ್ಬು ನೋಡುತ್ತಾರೆ.

ಹಗಲೆಲ್ಲ ಅತ್ತಿಗೆ ಮಾತಾಡುವುದು ಕಡಿಮೆ. ಮಗು ಹೋದ ಮೇಲೆ ಇನ್ನೂ ಕಡಿಮೆ. ಆ ಒಂದು ಹೊತ್ತು ಬಿಟ್ಟರೆ.

ಚಿಕ್ಕಪ್ಪ ಚಿಕ್ಕಮ್ಮ ಕಡೂರಿನ ನಿಮ್ಮ ಮನೆಯಲ್ಲಿ ಸೌಖ್ಯ ಅಂತ ಅಣ್ಣ ಹೇಳಿದ.

ನಿನ್ನ ತಂಗಿ
ಭೂಮಿಕಾ


ಹಾಸ್ಟೆಲ್
21-8-2024

ಪ್ರೀತಿಯ ಭೂಮಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಕ್ಷರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ ಮಾರಾಯ್ತಿ.

ನಮ್ಮ ಕ್ಲಾಸಿನಲ್ಲಿ ಹದಿನಾರು ಜನ. ಈ ಸೆಮಿಸ್ಟರ್ ಪೂರ್ತಿ ಜನಪ್ರಿಯ ಸಂಸ್ಕೃತಿಯ ಮೇಲೆ ಸೆಮಿನಾರ್. ಒಬ್ಬ ಆಟೋ ಹಿಂದೆ ಬರೆಯುವ ಸಾಲುಗಳನ್ನು ತೆಗೆದುಕೊಂಡಿದ್ದಾನೆ, ಒಬ್ಬಳು ರೀಲ್ಸ್. ನಾನು ಸೀರಿಯಲ್ ಅಂದಾಗ, "ಅಳುಬುರುಕಿಯರ ಮೇಲೆ ಸಂಶೋಧನೆ" ಅಂತ ಹುಡುಗರು ನಕ್ಕರು. ಆದರೆ ಮೇಡಂ ಯಾವಾಗಲೂ ಹೇಳುತ್ತಾರೆ, ಟಿವಿ ಕೊಟ್ಟಿದ್ದನ್ನು ಜನ ಹಾಗೇ ನುಂಗುವುದಿಲ್ಲ, ಅದನ್ನು ಮುರಿದು ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳುತ್ತಾರೆ ಅಂತ. ಅತ್ತಿಗೆ ಮಾಡುತ್ತಿರುವುದು ಅದನ್ನೇ ಅಲ್ಲವಾ? ಪುಸ್ತಕದಲ್ಲಿ ಓದಿದ್ದು ನಮ್ಮ ಮನೆಯಲ್ಲೇ ನಡೆಯುತ್ತಿದೆ.

ಒಂದು ಕೆಲಸ ಮಾಡು. ಕರೆಂಟ್ ಹೋದ ದಿನದ ಎಪಿಸೋಡನ್ನು ಆಮೇಲೆ ರುದ್ರಣ್ಣನ ಫೋನಿನಲ್ಲಿ ನೋಡು. ಅತ್ತಿಗೆ ಹೇಳಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ಬರೆ. ಅವರು ಹೇಳಿದ ಮಾತನ್ನು ಹೇಳಿದ ಹಾಗೇ ಬರೆ. ನಿನ್ನಿಂದ ನನ್ನ ಪೇಪರ್ ಉದ್ಧಾರವಾಗುತ್ತದೆ.

ಪ್ರೀತಿಯಿಂದ
ಕೃತಿಕಾ


ಊರಿಂದ
8 ಸೆಪ್ಟೆಂಬರ್ 2024

ಅಕ್ಕ,

ಮೊನ್ನೆ ಗೌರಿ ಹಬ್ಬಕ್ಕೆ ಅತ್ತಿಗೆಯನ್ನು ಕರೆಯಲು ತರೀಕೆರೆಯಿಂದ ಅವಳ ಅಣ್ಣ ತಿಮ್ಮೇಶಣ್ಣ ಬಂದಿದ್ದರು. ರುದ್ರಣ್ಣ ಕಳಿಸಲಿಲ್ಲ. ಊಟ ಮಾಡಿಕೊಂಡು ಹೋದರು.

ನೀನು ಹೇಳಿದ ಹಾಗೆ ಮಾಡಿದೆ. ಬುಧವಾರದ್ದು ಬರೆಯುತ್ತೇನೆ. ಸೀರಿಯಲ್‌ನ ಹುಡುಗಿ ಹಾಲಿನ ಲೋಟ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು, ಅಷ್ಟಕ್ಕೆ ಕರೆಂಟ್ ಹೋಯಿತು. ಅತ್ತಿಗೆ ಎದ್ದು ದೀಪ ಹಚ್ಚಿಟ್ಟಳು. ಆಮೇಲೆ, "ಆ ಹುಡ್ಗಿ ಲೋಟ ಕೆಳಗಿಟ್ಟು ಅಟ್ಟ ಹತ್ತಿದ್ಲು" ಅಂದಳು.

"ಅಷ್ಟ್ ದೊಡ್ ಬಂಗ್ಲೇಲಿ ಅಟ್ಟ ಎಲ್ಲೈತೆ?" ಅಂದರು ಸಾವಿತ್ರಮ್ಮ.

"ಐತೆ. ಟಿವೀಲಿ ತೋರ್ಸಿಲ್ಲ ಅಷ್ಟೆ."

ಆಮೇಲೆ ಅವಳು ಹೇಳಿದ್ದು ಇದು. ಅಟ್ಟದ ತುಂಬಾ ಕೊಬ್ಬರಿಗೆ ಒಣಗಲು ಹಾಕಿದ ಕಾಯಿ. ಹುಡುಗಿಗೆ ಐದು ತಿಂಗಳು. ಕಾಯಿ ಹೊರಳಿಸಿ ಇಳಿಯುವಾಗ ಕೆಳಗೆ ಗಂಡ ಏಣಿ ಹಿಡಿದು ನಿಂತಿದ್ದ. "ಸುಸ್ತಾಗ್ತೈತೆ, ನಾಕ್ ದಿನ ತವರಿಗೆ ಹೋಗ್ಬತ್ತೀನಿ" ಅಂದಳು. "ಹೋದ್ರೆ ಅಲ್ಲೇ ಇರು" ಅಂದ. "ಇರ್ತೀನಿ ಬಿಡಿ" ಅಂದಳು. ಅಷ್ಟೇ ಅಂದಿದ್ದು. ಅವನು ಏಣಿ ಬಿಟ್ಟು ಅದನ್ನೇ ಕಾಲಲ್ಲಿ ಒದ್ದ.

"ಮಗು ಹೋಯ್ತು. ಎಲ್ರೂ ಏಣಿ ಜಾರ್ತು ಅಂದ್ರು. ಅವಳೂ ಏಣಿ ಜಾರ್ತು ಅಂದ್ಲು. ಇವತ್ತಿಂದು ಇಷ್ಟೆ" ಅಂತ ಅತ್ತಿಗೆ ನಿಲ್ಲಿಸಿದಳು.

ಅವ್ವ ದೀಪ ಹಚ್ಚುತ್ತೇನೆ ಅಂತ ಎದ್ದಳು. ದೀಪ ಆಗಲೇ ಉರಿಯುತ್ತಿತ್ತು. ಕೊನೆಗೆ ಸಾವಿತ್ರಮ್ಮ, "ಸೀರಿಯಲ್ ತಾನೆ. ನಾಳೆ ಹೆಂಗೋ ಮಾಡಿ ಮಗೀನ ಬದುಕಿಸ್ತಾರೆ ಬಿಡು" ಅಂದರು.

ನಾನು ಬೆಳಿಗ್ಗೆ ಅಣ್ಣನ ಫೋನಿನಲ್ಲಿ ನೋಡಿದೆ. ಹುಡುಗಿ ಮೆಟ್ಟಿಲು ಇಳಿದಳು, ಹಾಲು ಕುಡಿದಳು, ಏನೂ ಆಗಲಿಲ್ಲ, ಜಾಹೀರಾತು ಬಂತು. ಅಟ್ಟ ಇರಲಿಲ್ಲ. ಏಣಿ ಇರಲಿಲ್ಲ. ಅತ್ತಿಗೆ ಹೇಳಿದ್ದು ಯಾವುದೂ ಸೀರಿಯಲ್‌ನಲ್ಲಿ ಇರಲಿಲ್ಲ.

ಅತ್ತಿಗೆ ಮಾಘ ಮಾಸದಲ್ಲಿ ನಮ್ಮ ಅಟ್ಟದಿಂದ ಬಿದ್ದು ಮಗು ಹೋಗಿದ್ದು ನಿನಗೆ ಗೊತ್ತು. ನೀವೆಲ್ಲ ಕಡೂರಿನಲ್ಲಿ ಆಸ್ಪತ್ರೆಗೆ ಬಂದು ನೋಡಿದ್ದಿರಿ. ಏಣಿ ಜಾರಿತು ಅಂತ ಅವ್ವ ನಿಮಗೆ ಹೇಳುವಾಗ ನಾನು ಮಂಚದ ಪಕ್ಕದಲ್ಲೇ ಇದ್ದೆ.

ನಾನು ಇಷ್ಟೇ ಬರೆಯುವುದು. ನಿನ್ನ ಕ್ಲಾಸಿಗೆ ಬೇಕಾದರೆ ತೆಗೆದುಕೋ. ಹೆಸರು ಹಾಕಬೇಡ.

ಭೂಮಿಕಾ


ಹಾಸ್ಟೆಲ್
4-10-2024

ಭೂಮಿ,

ನಿನ್ನೆ ಸೆಮಿನಾರ್ ಮುಗಿಯಿತು. ಅಳುಬುರುಕಿಯರು ಅಂತ ನಕ್ಕಿದ್ದವರು ಈ ಸಲ ನಗಲಿಲ್ಲ. ನಿನ್ನ ಸೆಪ್ಟೆಂಬರಿನ ಕಾಗದವನ್ನು ನಾನು ಅಲ್ಲಿ ಓದಿ ಹೇಳಲಿಲ್ಲ, ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಟ್ಟೆ. ಆ ಅಕ್ಷರದಲ್ಲೇ ಓದಬೇಕು ಅದನ್ನು. ಹೆಸರುಗಳ ಮೇಲೆಲ್ಲ ಕಪ್ಪು ಪೆನ್ನು ಎಳೆದಿದ್ದೆ, ಹೆದರಬೇಡ.

ಮೇಡಂ ಆಮೇಲೆ ಒಂದು ಮಾತು ಕೇಳಿದರು. "ಕತೆ ಹೇಳಿದ ಹೆಣ್ಣುಮಗಳ ಒಪ್ಪಿಗೆ ತಗೊಂಡಿದೀಯಾ?" ಹೌದು ಅಂದೆ. ನೀನು ಬರೆದಿದ್ದೀಯಲ್ಲ, ಅದೇ ಒಪ್ಪಿಗೆ ಅಂದುಕೊಂಡೆ. ಅತ್ತಿಗೆಗೆ ನೀನು ಹೇಳಿರುತ್ತೀಯ ಅಲ್ಲವಾ?

ಆಸ್ಪತ್ರೆಯ ವಿಷಯ ಓದಿದಾಗ ನನಗೂ ಒಂದು ಥರ ಆಯಿತು. ಆದರೆ ಮೇಡಂ ಹೇಳುವ ಪ್ರಕಾರ, ನೋವು ಅನುಭವಿಸಿದವರು ಅದಕ್ಕೊಂದು ಕಾರಣ ಹುಡುಕುತ್ತಾರೆ, ಕತೆಯಲ್ಲಿ ಒಬ್ಬ ಖಳನನ್ನು ತರುತ್ತಾರೆ. ರುದ್ರಣ್ಣನನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗೆ ಮಾಡುವವನಲ್ಲ. ಪೇಪರಿನಲ್ಲೂ ಹಾಗೇ ಬರೆದಿದ್ದೇನೆ.

ಅಜ್ಜಂಪುರದ ಹಾಲೇಶ್ ಅಂತ ಒಬ್ಬ ನನ್ನ ಕ್ಲಾಸಿನಲ್ಲಿದ್ದಾನೆ. ಅವರ ಅಣ್ಣನಿಗೆ ಕೊಬ್ಬರಿ ವ್ಯಾಪಾರ. ಹೊರಗೆ ಬರುವಾಗ, "ಇದು ನಿಮ್ಮೂರ್ ಕಡೇದೇ ಅಲ್ವೇನ್ರೀ" ಅಂದ. ನಾನು ನಕ್ಕು ಮುಂದೆ ನಡೆದೆ.

ದೀಪಾವಳಿಗೆ ಬರುತ್ತೇನೆ. ಅತ್ತಿಗೆಗೆ ಒಂದು ಸೀರೆ ತೆಗೆದಿಟ್ಟಿದ್ದೇನೆ.

ಕೃತಿಕಾ


ಊರಿಂದ
27 ಅಕ್ಟೋಬರ್ 2024

ಅಕ್ಕ,

ದೀಪಾವಳಿಗೆ ಬರಬೇಡ. ಸೀರೆ ಇಟ್ಟುಕೊಳ್ಳಲು ಅತ್ತಿಗೆ ಇಲ್ಲಿ ಇಲ್ಲ.

ಹಾಲೇಶನ ಅಣ್ಣ ನಮ್ಮ ಮನೆಯ ಕೊಬ್ಬರಿ ತೆಗೆದುಕೊಳ್ಳುವವರು. ನಿನ್ನ ಜೆರಾಕ್ಸಿನ ಫೋಟೋ ಹಾಲೇಶನಿಂದ ಅವರಿಗೆ, ಅವರಿಂದ ರುದ್ರಣ್ಣನಿಗೆ ಬಂದಿದೆ. ನೀನು ಹೆಸರಿಗಷ್ಟೇ ಮಸಿ ಬಳಿದೆ. ಅಟ್ಟ, ಏಣಿ, ಐದು ತಿಂಗಳು, ಮಾಘ ಮಾಸ, ಕಡೂರಿನ ಆಸ್ಪತ್ರೆ, ಎಲ್ಲ ಹಾಗೇ ಬಿಟ್ಟಿದ್ದೀಯ. ಓದಿದವರಿಗೆ ಹೆಸರು ಯಾಕೆ ಬೇಕು.

ಅಣ್ಣ ಅತ್ತಿಗೆಯನ್ನು ಹೊಡೆಯಲಿಲ್ಲ. ಟಿವಿಯ ವೈರ್ ಕಿತ್ತು ಬೀರುವಿನಲ್ಲಿ ಇಟ್ಟ. ಸಾವಿತ್ರಮ್ಮ ಬರುವುದನ್ನು ಬಿಟ್ಟರು. ಕಳೆದ ಭಾನುವಾರ ಜಯದೇವಪ್ಪ ದೊಡ್ಡಪ್ಪ, ತಿಮ್ಮೇಶಣ್ಣ, ಸಾವಿತ್ರಮ್ಮ, ಎಲ್ಲರನ್ನೂ ಕರೆಸಿದರು. ಮನೆಯ ಮಾತು ಮಠದ ಪಂಚಾಯ್ತಿವರೆಗೆ ಹೋಗುವುದು ಬೇಡ, ಇಲ್ಲೇ ಮುಗಿಸೋಣ ಅಂತ ದೊಡ್ಡಪ್ಪ ಹೇಳಿದರಂತೆ.

ಅವರು ಬರುವ ಮೊದಲು ಅವ್ವ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದಳು. "ಅದ್ನ ನಾನೇ ಕಟ್ಟಿ ಬರ್ದೆ ಅಂತ ಹೇಳು. ಓದಿಲ್ದೋಳು, ಸೀರಿಯಲ್ ನೋಡಿ ತಲೆ ಕೆಟ್ಟು ಬರ್ದವಳೆ ಅಂತಾರೆ, ನಗ್ತಾರೆ, ಅಲ್ಲಿಗ್ ಮುಗೀತು. ನಿಮ್ಮತ್ತಿಗೆ ಮನೇಲಿ ಉಳೀತಾಳೆ. ಇಲ್ಲಾಂದ್ರೆ ಅವಳ್ನ ಕಳಿಸ್ಬಿಡ್ತಾನೆ ಕಣೇ ಅವನು" ಅಂದಳು. ಅವ್ವ ಅಳುತ್ತಿದ್ದಳು.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಫೋನಿನಲ್ಲಿದ್ದ ನನ್ನ ಕಾಗದ ಗಟ್ಟಿಯಾಗಿ ಓದಿದರು. ನನ್ನ ಅಕ್ಷರ ಅವರಿಗೆ ಹಿಡಿಯಲಿಲ್ಲ, ತಡವರಿಸಿ ತಡವರಿಸಿ ಓದಿದರು. 'ಕಾಲಲ್ಲಿ ಒದ್ದ' ಅನ್ನುವುದನ್ನು ಎರಡು ಸಲ ಓದಬೇಕಾಯಿತು. ಅತ್ತಿಗೆ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅಣ್ಣ ಹೊಸಿಲ ಮೇಲೆ ನಿಂತು ರಸ್ತೆ ನೋಡುತ್ತಿದ್ದ.

ದೊಡ್ಡಪ್ಪ ಮೊದಲು ಸಾವಿತ್ರಮ್ಮನನ್ನು ಕೇಳಿದರು. "ಕರೆಂಟಿರ್ಲಿಲ್ಲ ಸ್ವಾಮಿ, ನಂಗ್ ನಿದ್ದೆ ಹತ್ತಿತ್ತು" ಅಂದರು. ಆಮೇಲೆ ಅತ್ತಿಗೆಯನ್ನು ಕೇಳಿದರು. ಅತ್ತಿಗೆ ಒಂದು ಮಾತು ಹೇಳಿದಳು. ಅದನ್ನು ಈಗ ಬರೆಯಲಾರೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಏನವ್ವ ಭೂಮಿ, ಇದು ನಿನ್ ಕೈಬರಹ ತಾನೆ?"

ತಲೆ ಆಡಿಸಿದೆ.

"ನಿಜ ಬರ್ದಿದೀಯೋ, ಕಟ್ಟಿ ಬರ್ದಿದೀಯೋ?"

"ನಾನೇ ಕಟ್ಟಿ ಬರ್ದೆ" ಅಂದೆ. ಅಷ್ಟು ಜನರ ಎದುರು ನಾನು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ಅವ್ವ ಹೇಳಿದ ಹಾಗೇ ಎಲ್ಲರೂ ನಕ್ಕರು. ತಿಮ್ಮೇಶಣ್ಣ ಕೂಡ ಸದ್ಯ ಅಂತ ಉಸಿರು ಬಿಟ್ಟರು.

ಅತ್ತಿಗೆ ನಗಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಎರಡು ಸೀರೆ ಒಂದು ಚೀಲಕ್ಕೆ ಹಾಕಿಕೊಂಡು ಬಂದು, "ನಡಿ ಅಣ್ಣ" ಅಂದಳು. ಯಾರೂ ಅವಳನ್ನು ಕಳಿಸಲಿಲ್ಲ ಅಕ್ಕ. ಅವಳೇ ಹೋದಳು.

ಭೂಮಿಕಾ


ಹಾಸ್ಟೆಲ್
9-11-2024

ಭೂಮಿ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ನಾಲ್ಕು ಸಲ ಬರೆದು ಹರಿದೆ.

ಹಾಲೇಶನ ಹತ್ತಿರ ಜಗಳ ಆಡಿದೆ. "ನೀನ್ ಹದಿನಾರ್ ಜನಕ್ಕೆ ಹಂಚ್ದೆ, ನಾನ್ ಒಬ್ರಿಗೆ ಕಳಿಸ್ದೆ" ಅಂದ. ಮೇಡಂಗೆ ಎಲ್ಲ ಹೇಳಿದೆ. ಒಪ್ಪಿಗೆಯ ವಿಷಯದಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ. ಕೊಟ್ಟ ಮಾರ್ಕ್ಸ್ ವಾಪಸ್ ತೆಗೆದುಕೊಳ್ಳಿ ಅಂದೆ. "ಅದ್ರಿಂದ ಆ ಹೆಣ್ಣುಮಗಳಿಗೆ ಏನ್ ಸಿಗುತ್ತೆ?" ಅಂದರು. ಕ್ಲಾಸಿನಲ್ಲಿ ನನಗೇ ಹೆಚ್ಚು ಮಾರ್ಕ್ಸ್ ಬಂದಿದೆ. ಬರೆಯಲು ನಾಚಿಕೆಯಾಗುತ್ತದೆ.

ಅತ್ತಿಗೆಗೆ ಫೋನ್ ಮಾಡಿದೆ. ನನ್ನ ದನಿ ಕೇಳಿ ಇಟ್ಟುಬಿಟ್ಟರು.

ಒಂದೇ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅತ್ತಿಗೆ ಅವತ್ತು ಏನಂದರು? ನೀನು ಯಾಕೆ ಅದನ್ನು ಬರೆಯಲಿಲ್ಲ?

ಕೃತಿಕಾ


ಊರಿಂದ
9 ಡಿಸೆಂಬರ್ 2024, ಸೋಮವಾರ

ಅಕ್ಕ,

ನೀನು ಕೇಳಿ ಒಂದು ತಿಂಗಳಾಯಿತು. ಈಗ ಬರೆಯುತ್ತೇನೆ. ಇದನ್ನು ಯಾರಿಗೆ ಬೇಕಾದರೂ ಕೊಡು, ಯಾವ ಹೆಸರಿಗೂ ಮಸಿ ಬಳಿಯಬೇಡ.

ಅತ್ತಿಗೆ ಅವತ್ತು ಹೇಳಿದ್ದು ಇದು. "ಭೂಮೀನ ಕೇಳಿ. ಅವತ್ತು ಅವಳು ಅಂಗಳದಲ್ಲೇ ಇದ್ಲು."

ನಾನು ಇದ್ದೆ. ಕಾಯಿ ಸುಲಿದು ಬಿದ್ದ ಮಟ್ಟೆ ಗುಡ್ಡೆ ಹಾಕುತ್ತಿದ್ದೆ. ಬಾಗಿಲು ತೆರೆದಿತ್ತು. ಅಣ್ಣ ಏಣಿ ಬಿಟ್ಟಿದ್ದನ್ನು ನೋಡಿದೆ, ಒದ್ದಿದ್ದನ್ನು ನೋಡಿದೆ. ಅತ್ತಿಗೆ ಬೀಳುವಾಗ ನನ್ನನ್ನು ನೋಡಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಾಗ ಅವ್ವ ಏಣಿ ಜಾರಿತು ಅಂದಳು. ನಾನು ಸುಮ್ಮನಿದ್ದೆ. ನಾನು ಎಲ್ಲಿ ಮಾತಾಡಿದ್ದೇನೆ, ಅಲ್ಲಿ ಮಾತಾಡಲು. ಹಾಗಂತ ನನಗೆ ನಾನೇ ಹೇಳಿಕೊಂಡೆ.

ನಿನಗೆ ಬರೆಯುವಾಗಲೂ 'ಸೀರಿಯಲ್‌ನಲ್ಲಿ ಇರಲಿಲ್ಲ' ಅಂತಷ್ಟೇ ಬರೆದೆ. ನೀನು ಓದಿದವಳು, ಅರ್ಥ ಮಾಡಿಕೊಂಡು ಏನಾದರೂ ಮಾಡುತ್ತೀಯ ಅಂದುಕೊಂಡೆ. ನೀನು ಪೇಪರ್ ಮಾಡಿದೆ. ನಾನು ನಿನ್ನನ್ನು ಬೈಯಲಾರೆ. ನನ್ನ ಬಾಯಲ್ಲಿ ಬರಬೇಕಾದ ಮಾತನ್ನು ನಿನ್ನ ಬಾಯಿಗೆ ದಾಟಿಸಿ ನಾನು ಕೈ ತೊಳೆದುಕೊಳ್ಳಲು ನೋಡಿದೆ.

ಕಳೆದ ವಾರ ಅವ್ವನಿಗೆ ಹೇಳದೆ ತರೀಕೆರೆಗೆ ಹೋಗಿದ್ದೆ. ಕಡೂರಿನಲ್ಲಿ ಬಸ್ ಬದಲಾಯಿಸುವಾಗ ಯಾವ ಬಸ್ ಅಂತ ಕೇಳಲು ಬಾಯಿ ಬಾರದೆ ಎರಡು ಬಸ್ ಬಿಟ್ಟೆ. ಅತ್ತಿಗೆ ತಿಮ್ಮೇಶಣ್ಣನ ಮನೆಯ ಹಿತ್ತಲಲ್ಲಿ ಕುಳಿತು ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಸಣ್ಣಗಾಗಿದ್ದಾಳೆ. "ಬಂದ್ಯಾ, ಕೂತ್ಕೋ" ಅಂದಳು.

ತಪ್ಪಾಯಿತು ಅಂದೆ. ಅವ್ವ ಹೀಗೆ ಹೇಳಿದ್ದಳು, ನೀನು ಮನೆಯಲ್ಲಿ ಉಳಿಯಲಿ ಅಂತ ಹಾಗೆ ಅಂದೆ, ಅಂತ ಎಲ್ಲ ಹೇಳಿದೆ.

"ನಾನ್ ಆ ಮನೇಲಿ ಇದ್ದಿದ್ದೇ ನೀನ್ ನೋಡಿದೀಯ ಅಂತ" ಅಂದಳು ಅತ್ತಿಗೆ. "ದಿನಾ ಕತ್ಲಲ್ಲಿ ಕತೆ ಹೇಳ್ತಿದ್ನಲ್ಲ, ಸಾವಿತ್ರಮ್ಮಂಗಾ ಹೇಳ್ತಿದ್ದಿದ್ದು? ನಿಂಗೆ ಕಣೇ. ಎಲ್ಲ ಎದ್ದೋದ ಮೇಲೆ ಒಂದಿನ ನೀನ್ ಹತ್ರ ಬಂದು, ಹೌದತ್ತಿಗೆ, ನಾನ್ ನೋಡ್ದೆ ಅಂತೀಯ ಅಂತ ಕಾಯ್ತಿದ್ದೆ. ಬೇರೆ ಯಾರ್ಗೂ ಹೇಳೋದ್ ಬ್ಯಾಡ, ನಂಗೊಬ್ಳಿಗೆ ಹೇಳಿದ್ರೆ ಸಾಕಿತ್ತು."

ಈಗ ಹೇಳುತ್ತೇನೆ, ದೊಡ್ಡಪ್ಪನ ಹತ್ತಿರ ಹೇಳುತ್ತೇನೆ, ಪೊಲೀಸರ ಹತ್ತಿರ ಬೇಕಾದರೂ ಹೇಳುತ್ತೇನೆ ಅಂದೆ.

"ಈಗ ಯಾರ್ ನಂಬ್ತಾರೆ? ಕಟ್ಟಿ ಬರ್ಯೋಳು ಅಂತ ನೀನೇ ಹೇಳ್ಕಂಡಿದೀಯಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿದಳು. "ಲಾಸ್ಟ್ ಬಸ್ಸು ಐದೂವರೆಗೆ. ಎದ್ದೇಳು. ಇನ್ ಬರ್ಬ್ಯಾಡ."

ಊಟ ಹಾಕಲಿಲ್ಲ. ಹಾಕಿದ್ದರೆ ನನಗೆ ಇಳಿಯುತ್ತಿರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ, ಅವತ್ತು ನಾನು ನೋಡಿದ್ದೆ ಅಂತ. ಅವ್ವ ರಾಗಿ ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಂಗ್ ಗೊತ್ತಿಲ್ದೇನೇ ಕೊಟ್ಗೇಗ್ ಕರ್ಕೊಂಡೋಗಿದ್ನಾ?" ಅಂದಳು.

ಜಯದೇವಪ್ಪ ದೊಡ್ಡಪ್ಪನ ಮನೆಗೂ ಹೋದೆ. ಹೇಳಿದೆ. ಪೂರ್ತಿ ಕೇಳಿದರು. "ಆಯ್ತಲ್ಲವ್ವ. ಇದೂ ಏಳೂವರೇದಾ, ಎಂಟು ಗಂಟೇದಾ?" ಅಂದರು. ಒಳಗಿನಿಂದ ದೊಡ್ಡಮ್ಮ ನಕ್ಕಿದ್ದು ಕೇಳಿಸಿತು.

ತಿಮ್ಮೇಶಣ್ಣನ ಹತ್ತಿರ ಛಾಪಾ ಕಾಗದದ ಮೇಲೆ ಮದುವೆಯ ಬಿಡುಗಡೆ ಪತ್ರ ಬರೆಸಿಕೊಂಡು ಬಂದಿದ್ದಾರೆ. ಅತ್ತಿಗೆ ಸಹಿ ಹಾಕಿದಳಂತೆ. ರುದ್ರಣ್ಣನಿಗೆ ಅಜ್ಜಂಪುರದಲ್ಲಿ ಒಂದು ಹುಡುಗಿ ಗೊತ್ತು ಮಾಡಿದ್ದಾರೆ. ಮೊದಲನೆಯವಳು ತಲೆ ಸರಿಯಿಲ್ಲದೆ ಬಿಟ್ಟು ಹೋದಳು ಅಂತ ಹೇಳಿದ್ದಾರೆ. ಹಾಲೇಶನ ಅಣ್ಣನೇ ಮಧ್ಯಸ್ಥಿಕೆ. ಇವತ್ತು ಸೋಮವಾರ, ಒಳ್ಳೆಯ ದಿನ ಅಂತ ನೋಡಲು ಹೊರಟರು. ಹುಡುಗಿ ಒಪ್ಪಿಗೆಯಾದರೆ ಗಂಡಿನ ತಂಗಿ ಅವಳಿಗೆ ಕುಂಕುಮ ಇಟ್ಟು ಹೂವು ಮುಡಿಸಬೇಕು. ಅಶ್ವಿನಿ ಅತ್ತಿಗೆಗೂ ನಾನೇ ಮುಡಿಸಿದ್ದೆ. ಅವ್ವ ನಿನ್ನೆ ಸಂಜೆಯೇ ನಾಲ್ಕು ಮೊಳ ಕನಕಾಂಬರ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ನೀರು ಚಿಮುಕಿಸಿ ಇಟ್ಟಿದ್ದಳು.

ಬೆಳಿಗ್ಗೆ ಕಾರು ಬಂತು. ನಾನು ಬರುವುದಿಲ್ಲ ಅಂದೆ. ಅಣ್ಣ ಒಂದು ಸಲ ನನ್ನ ಮುಖ ನೋಡಿದ, ಆಮೇಲೆ ನೋಡಲಿಲ್ಲ. ಅವ್ವ ಹೂವು ಹುಡುಕಿದಳು. ಅದು ನನ್ನ ಮಡಿಲಲ್ಲಿ ಇತ್ತು, ನಾನು ಜಗಲಿಯ ಮೇಲೆ ಕುಳಿತು ಬಿಚ್ಚುತ್ತಿದ್ದೆ. ಅವ್ವ ನೋಡಿ ಅಲ್ಲೇ ನಿಂತಳು. "ಹೊತ್ತಾಯ್ತು, ಕಡೂರಲ್ಲಿ ತಗಳನ ಬಾರವ್ವ" ಅಂತ ದೊಡ್ಡಪ್ಪ ಕಾರಿನಿಂದ ಕೂಗಿದರು. ಹೋದರು.

ಕನಕಾಂಬರದ ಗಂಟು ಬಹಳ ಹತ್ತಿರ ಹತ್ತಿರ ಇರುತ್ತದೆ. ಒಂದೊಂದಾಗಿ ಎಲ್ಲ ಬಿಚ್ಚಿದೆ. ದಾರ ಸುತ್ತಿ ಗೋಡೆಯ ಮೊಳೆಗೆ ಹಾಕಿದೆ.

ಭೂಮಿಕಾ